ವಾರಕ್ಕೊಂದು ಪಾಳಿ, ಹಗಲಲ್ಲಿ ಹತ್ತದ ನಿದ್ದೆ: ಏನು ಮಾಡಬೇಕು?

ಪ್ರಶ್ನೆ: ನನಗೆ 34 ವರ್ಷ, ಮುಳಬಾಗಿಲು ತಾಲ್ಲೂಕಿನ ಹಳ್ಳಿ. ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಿಷಿನ್ ಮೇಲೆ ಕೆಲಸ. ವಾರಕ್ಕೊಂದು ಪಾಳಿ ಬದಲಾಗುತ್ತೆ: ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ 10, ರಾತ್ರಿ 10ರಿಂದ 6. ನೈಟ್ ವಾರದಲ್ಲಿ ಮನೆ ಸೇರುವಾಗ ಏಳೂವರೆ. ಎರಡು ಸೀಮೆಹಸು ಇವೆ. ಹಾಲು ಕರೆದು ಡೇರಿಗೆ ಹಾಕಿ, ತಿಂಡಿ ತಿಂದು ಮಲಗುವಷ್ಟರಲ್ಲಿ ಹತ್ತು. ಶೀಟಿನ ಮನೆ, ಹನ್ನೆರಡಕ್ಕೆಲ್ಲ ಕಾವಿಗೆ ಎಚ್ಚರವಾಗುತ್ತೆ. ಎದೆಯುರಿ, ಹುಳಿತೇಗು ಬಿಟ್ಟಿಲ್ಲ. ಮೊನ್ನೆ ಕಂಪನಿ ಬಸ್ಸಿಳಿದು ಬೈಕಲ್ಲಿ ಊರಿಗೆ ಬರುವಾಗ ಕಣ್ಣು ಮುಚ್ಚಿಕೊಂಡು ರಸ್ತೆಯಿಂದ ಕೆಳಗಿಳಿದೆ, ಪುಣ್ಯಕ್ಕೆ ಏನೂ ಆಗಲಿಲ್ಲ. ನಿದ್ದೆ ಮಾತ್ರೆ ತಗೋಬಹುದಾ? ಈ ದೇಹ ರಾತ್ರಿ ಕೆಲಸಕ್ಕೆ ಯಾವಾಗ ಒಗ್ಗುತ್ತೆ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ವಾರಕ್ಕೊಮ್ಮೆ ಪಾಳಿ ಬದಲಾಗುವವರ ದೇಹ ರಾತ್ರಿ ಕೆಲಸಕ್ಕೆ ಒಗ್ಗುವುದಿಲ್ಲ. ನಿಮ್ಮಲ್ಲಿ ಕೊರತೆ ಇದೆ ಎಂದು ಇದರ ಅರ್ಥವಲ್ಲ. ಮೆದುಳಿನಲ್ಲಿ 24 ಗಂಟೆಯ ಲೆಕ್ಕದಲ್ಲಿ ನಡೆಯುವ ಗಡಿಯಾರವೊಂದಿದೆ. ಅಂಥ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂದು ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಅದನ್ನು ತಿದ್ದುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕು. ಎಲ್ಲ ಅನುಕೂಲವಾಗಿದ್ದರೂ ಅದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ರಾತ್ರಿಯನ್ನು ಹಗಲು ಮಾಡಿಕೊಳ್ಳಲು ಅದು ಎಂಟು ಹತ್ತು ಗಂಟೆ ಸರಿಯಬೇಕು. ಅಷ್ಟರಲ್ಲಿ ನಿಮ್ಮ ನೈಟ್ ವಾರ ಮುಗಿದಿರುತ್ತದೆ.

ಹಾಗಾಗಿ ದೇಹವನ್ನು ಒಗ್ಗಿಸುವ ಪ್ರಯತ್ನ ಬಿಡಿ. ಆ ಆರು ದಿನ ನಿದ್ದೆಯ ಸಾಲ ಬೆಳೆಯದಂತೆ ನೋಡಿಕೊಳ್ಳುವುದು, ಅಪಾಯದ ಹೊತ್ತಿನಲ್ಲಿ ಜೀವ ಕಾಪಾಡಿಕೊಳ್ಳುವುದು, ಇವೆರಡೇ ಗುರಿ. ಇದು ನಿಮ್ಮೊಬ್ಬರಿಂದ ಆಗುವ ಕೆಲಸವೂ ಅಲ್ಲ. ಹಗಲಿನಲ್ಲಿ ಮಲಗುವವನಿಗೆ ಇಡೀ ಮನೆ ಜಾಗ ಮಾಡಿಕೊಡಬೇಕು.

ತಡಮಾಡಬಾರದ್ದು ಬೈಕಿನ ವಿಷಯ, ಅದನ್ನು ಇವತ್ತೇ ಸರಿಮಾಡಿ. ನಿಮಗಾದದ್ದು ಮೂರು ನಾಲ್ಕು ಸೆಕೆಂಡಿನ ಜೋಂಪು. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕ್ ನಾಲ್ಕು ಸೆಕೆಂಡಿನಲ್ಲಿ ಸುಮಾರು 44 ಮೀಟರ್ ಹೋಗುತ್ತದೆ, ಅಷ್ಟು ದೂರ ಅದನ್ನು ಹಿಡಿದವರು ಯಾರೂ ಇರಲಿಲ್ಲ. ಮುಖಕ್ಕೆ ನೀರು ಹಾಕಿಕೊಳ್ಳುವುದು, ಜೋರಾಗಿ ಹಾಡು ಹಾಕುವುದು, ಗಾಳಿಗೆ ಮುಖ ಕೊಡುವುದು, ಇವು ಕೆಲವೇ ನಿಮಿಷದ ಆಟ. ಜೋಂಪಿಗೆ ಮದ್ದು ನಿದ್ದೆಯೊಂದೇ.

ನೈಟ್ ವಾರದ ಮಟ್ಟಿಗೆ ಪಿಕಪ್ ಪಾಯಿಂಟಿನಿಂದ ಮನೆಗೆ ಕರೆತರಲು ತಮ್ಮನನ್ನೋ ಪಕ್ಕದ ಮನೆಯವರನ್ನೋ ಗೊತ್ತುಮಾಡಿಕೊಳ್ಳಿ. ಅದೇ ಊರಿನ ಕಡೆಯಿಂದ ಅದೇ ಪಾಳಿಯ ಬೇರೆಯವರು ಬರುತ್ತಿದ್ದರೆ ಆಟೋ ಹಂಚಿಕೊಳ್ಳಿ. ಯಾರೂ ಸಿಗದಿದ್ದರೆ ಹೀಗೆ ಮಾಡಿ: ನರಸಾಪುರದಲ್ಲಿ ಬಸ್ ಹತ್ತಿದ ಕೂಡಲೇ ಅಲಾರಂ ಇಟ್ಟು ಕಣ್ಣು ಮುಚ್ಚಿ. ಇಳಿದ ತಕ್ಷಣ ಬೈಕ್ ಹತ್ತಬೇಡಿ. ನಿದ್ದೆಯಿಂದೆದ್ದ ಮಂಪರು ಹರಿಯಲು ಹತ್ತು ಹದಿನೈದು ನಿಮಿಷ ಬೇಕು. ಅಷ್ಟು ಹೊತ್ತು ಓಡಾಡಿ, ನೀರು ಕುಡಿದು, ಆಮೇಲೆ ಕಿಕ್ ಹೊಡೆಯಿರಿ. ಆಗಲೂ ಕಣ್ಣು ಎಳೆಯುತ್ತಿದ್ದರೆ ಪಿಕಪ್ ಪಾಯಿಂಟಿನ ಬಳಿ ಎಲ್ಲಾದರೂ ಕೂತು ಇಪ್ಪತ್ತು ನಿಮಿಷ ಮಲಗಿ. ಮನೆಗೆ ತಡವಾಗಲಿ, ಪರವಾಗಿಲ್ಲ.

ನೈಟ್ ವಾರದ ಮೊದಲ ರಾತ್ರಿ ಎಲ್ಲಕ್ಕಿಂತ ಕೆಟ್ಟದ್ದು. ಸೋಮವಾರ ಎಂದಿನಂತೆ ಬೆಳಿಗ್ಗೆ ಆರಕ್ಕೆ ಎದ್ದು, ಹಗಲೆಲ್ಲ ತೋಟದಲ್ಲಿ ಕೆಲಸ ಮಾಡಿ, ರಾತ್ರಿ ಹತ್ತಕ್ಕೆ ಮಿಷಿನ್ ಮುಂದೆ ನಿಂತವನು ಮಂಗಳವಾರ ಬೆಳಿಗ್ಗೆ ಆರಕ್ಕೆ 24 ಗಂಟೆ ಎಚ್ಚರವಿದ್ದಂತಾಯಿತು. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಅಳೆದು ನೋಡಿದರು: 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಯಾದಾಗ ಹೆಚ್ಚುಕಡಿಮೆ 100 ಮಿಲಿಗ್ರಾಂ ಇರುವವರ ಮಟ್ಟಕ್ಕೆ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ 30 ಮಿಲಿಗ್ರಾಂ ದಾಟಿದರೇ ಕುಡಿದು ಓಡಿಸಿದ ಕೇಸು. ಒಂದು ಹನಿ ಕುಡಿಯದೆ ನೀವು ಆ ಸ್ಥಿತಿಯಲ್ಲಿ ಪ್ರೆಸ್ ಕೆಳಗೆ ಕೈ ಇಡುತ್ತಿದ್ದೀರಿ.

ಆದ್ದರಿಂದ ಭಾನುವಾರ ರಾತ್ರಿ ಹನ್ನೆರಡೂವರೆ ಒಂದರವರೆಗೆ ಎಚ್ಚರವಿದ್ದು, ಸೋಮವಾರ ಎಂಟೂವರೆ ಒಂಬತ್ತಕ್ಕೆ ಏಳಿ. ಮಧ್ಯಾಹ್ನ ಉಂಡು ಎರಡೂವರೆಯಿಂದ ನಾಲ್ಕರವರೆಗೆ ಮಲಗಿ. ನಿದ್ದೆ ಬರಲಿ ಬಾರದಿರಲಿ, ಕತ್ತಲೆಯಲ್ಲಿ ಒಂದೂವರೆ ಗಂಟೆ ಮಲಗಿರಿ. ಸಂಜೆ ಆರರಿಂದ ಒಂಬತ್ತರ ನಡುವೆ ದೇಹ ಎಚ್ಚರದ ತುದಿಯಲ್ಲಿರುತ್ತದೆ, ಆಗ ಎಷ್ಟು ಹೊರಳಾಡಿದರೂ ನಿದ್ದೆ ಹತ್ತುವುದು ಕಷ್ಟ. ಹಲವರು ಡ್ಯೂಟಿಗೆ ಹೋಗುವ ಮುಂಚೆ ಏಳು ಗಂಟೆಗೆ ಮಲಗಲು ನೋಡಿ, ಬರಲಿಲ್ಲವೆಂದು ಕೈಬಿಡುತ್ತಾರೆ. ಅವರು ಆರಿಸಿಕೊಂಡ ಹೊತ್ತೇ ತಪ್ಪು.

ಮಂಗಳವಾರದಿಂದ ನಿದ್ದೆಯನ್ನು ಎರಡು ಕಂತು ಮಾಡಿ. ಏಳು ಗಂಟೆ ಒಂದೇ ಬೈಠಕ್ಕಿನಲ್ಲಿ ಬೇಕೆಂದು ಹಟ ಹಿಡಿದರೆ ಹಗಲಲ್ಲಿ ಸಿಗುವುದಿಲ್ಲ, ಏಕೆಂದರೆ ಬೆಳಿಗ್ಗೆಯಿಂದ ದೇಹದ ಶಾಖ ಏರುತ್ತಾ ಹೋಗಿ ಮಧ್ಯಾಹ್ನದ ಹೊತ್ತಿಗೆ ತಾನಾಗಿ ಎಬ್ಬಿಸುತ್ತದೆ. ಎಂಟರಿಂದ ಹನ್ನೆರಡೂವರೆ ಒಂದರವರೆಗೆ ಮೊದಲ ಕಂತು. ಎದ್ದು ಊಟ, ಮನೆ ಕೆಲಸ. ಮೂರರಿಂದ ನಾಲ್ಕೂವರೆಗೆ ಎರಡನೆಯದು. ಎರಡೂ ಸೇರಿ ಆರರಿಂದ ಆರೂವರೆ ಗಂಟೆ, ಬಸ್ಸಿನ ಜೋಂಪು ಬೇರೆ. ನೈಟ್ ವಾರಕ್ಕೆ ಇದು ಒಳ್ಳೆಯ ಲೆಕ್ಕ. ಹತ್ತಕ್ಕೆ ಮಲಗಿ ಹನ್ನೆರಡಕ್ಕೆ ಏಳುವ ಈಗಿನ ಕ್ರಮದಲ್ಲಿ ನಿಮಗೆ ಸಿಗುತ್ತಿರುವುದು ಎರಡೇ ಗಂಟೆ.

ಇದಕ್ಕೆ ಅಡ್ಡ ಬರುವುದು ಹಾಲಿನ ಕೆಲಸ. ಬೆಳಿಗ್ಗೆ ಎಂಟಕ್ಕೂ ಹತ್ತಕ್ಕೂ ಇರುವ ಎರಡು ಗಂಟೆಯ ವ್ಯತ್ಯಾಸ ಇಲ್ಲಿ ತುಂಬ ದೊಡ್ಡದು. ಎಂಟಕ್ಕೆ ಶೀಟು ಇನ್ನೂ ಕಾದಿರುವುದಿಲ್ಲ, ನಿಮ್ಮ ದೇಹದಲ್ಲಿ ರಾತ್ರಿಯ ನಿದ್ದೆಯ ಸೆಳೆತ ಉಳಿದಿರುತ್ತದೆ. ಬಿಸಿಲಲ್ಲಿ ಒಂದೂವರೆ ಗಂಟೆ ಕೊಟ್ಟಿಗೆ, ಡೇರಿ ಅಂತ ಓಡಾಡಿದರೆ ಆ ಸೆಳೆತ ಕಳೆದುಹೋಗುತ್ತದೆ. ನೈಟ್ ವಾರದಲ್ಲಿ ಬೆಳಗಿನ ಹಾಲು ಮನೆಯವರು ಕರೆಯಲಿ, ಸಂಜೆಯದು ನೀವು ಕರೆಯಿರಿ. ಸಗಣಿ ಬಾಚುವುದು, ಮೇವು ತರುವುದು ಮಧ್ಯಾಹ್ನ ಒಂದರ ಮೇಲೆ ನಿಮ್ಮ ಪಾಲಿಗಿರಲಿ, ಇಲ್ಲದಿದ್ದರೆ ಭಾರವೆಲ್ಲ ಹೆಂಡತಿಯ ಮೇಲೆ ಬೀಳುತ್ತದೆ. ಹಸುವಿಗೆ ಕರೆಯುವ ಕೈ ಬದಲಾದರೆ ಒಂದೆರಡು ದಿನ ಹಾಲು ಕಡಿಮೆ ಬರಬಹುದು. ಹಾಗಾಗಿ ಹಿಂದಿನ ವಾರದಿಂದಲೇ ದಿನ ಬಿಟ್ಟು ದಿನ ಕೈ ಬದಲಿಸಿ, ಹೊತ್ತನ್ನು ಮಾತ್ರ ಬದಲಿಸಬೇಡಿ. ಮೇವು ಕತ್ತರಿಸುವ ಮಿಷಿನ್ನನ್ನು ನೈಟ್ ಮುಗಿಸಿ ಬಂದ ಬೆಳಿಗ್ಗೆ ಮುಟ್ಟಲೇಬೇಡಿ. ಬೆರಳು ಹೋಗುವುದು ಅಂಥ ಹೊತ್ತಿನಲ್ಲೇ.

ಇನ್ನು ಮಲಗುವ ಕೋಣೆ. ಬೇಕಾದದ್ದು ಕತ್ತಲು, ತಂಪು, ನಿಶ್ಶಬ್ದ. ಮನೆಯಲ್ಲಿ ಪಶ್ಚಿಮಕ್ಕೋ ಉತ್ತರಕ್ಕೋ ಇರುವ ಕೋಣೆ ಆರಿಸಿ. ಪೂರ್ವದ ಗೋಡೆ ಬೆಳಗಿನ ಬಿಸಿಲಿಗೆ ಬೇಗ ಕಾಯುತ್ತದೆ. ಕಿಟಕಿಗೆ ಕಪ್ಪು ದಪ್ಪ ಬಟ್ಟೆಯನ್ನು ನಾಲ್ಕೂ ಅಂಚಿಗೆ ಬಿಗಿಯಾಗಿ ಕಟ್ಟಿ. ಮಲಗಿಕೊಂಡು ನಿಮ್ಮ ಕೈಬೆರಳು ನೋಡಿ. ಎಣಿಸುವಷ್ಟು ಕಂಡರೆ ಕತ್ತಲು ಸಾಲದು, ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಿ. ಶೀಟಿನ ಮೇಲೆ ಬಿಳಿ ಸುಣ್ಣ ಎರಡು ಕೋಟ್ ಬಳಿದರೆ ಬಿಸಿಲು ಹಿಂದಕ್ಕೆ ಹೊಡೆಯುತ್ತದೆ, ಒಳಗಿನ ಕಾವು ಎದ್ದು ಕಾಣುವಷ್ಟು ಇಳಿಯುತ್ತದೆ. ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷ ಬೇಸಿಗೆಗೆ ಮುಂಚೆ ಬಳಿಯಬೇಕು. ಹಳೆಯ ಸಿಮೆಂಟ್ ಶೀಟಾದರೆ ಒಣಗಿದ್ದಾಗ ಉಜ್ಜಬೇಡಿ, ಕೆರೆಯಬೇಡಿ. ಅಂಥ ಬಹಳಷ್ಟು ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚೆನ್ನಾಗಿ ಹಾಯಿಸಿ, ಒದ್ದೆಯಿದ್ದಾಗಲೇ ಮೆತ್ತನೆಯ ಬ್ರಷ್ಷಿನಲ್ಲಿ ಬಳಿಯಿರಿ, ಮತ್ತು ಶೀಟಿನ ಮೇಲೆ ನೇರ ಕಾಲಿಡಬೇಡಿ, ಮುರಿಯುತ್ತದೆ.

ಸದ್ದಿಗೆ ಕಾರ್ಖಾನೆಯಲ್ಲಿ ಕೊಡುವ ಸ್ಪಂಜಿನ ಇಯರ್‌ಪ್ಲಗ್ ಸಾಕು. ಮನೆಗೆ ಬೇರೆ ಹೊಸ ಜೊತೆ ಇಟ್ಟುಕೊಳ್ಳಿ, ಎಣ್ಣೆ ಕೈಯಲ್ಲಿ ಮುಟ್ಟಿದ್ದು ಬೇಡ. ಹಾಕುವ ರೀತಿ ಸರಿಯಿಲ್ಲದೆ ಬಹಳ ಜನ ಇದು ಕೆಲಸ ಮಾಡಲ್ಲ ಎನ್ನುತ್ತಾರೆ. ಬೆರಳುಗಳ ನಡುವೆ ಉರುಳಿಸಿ ಬತ್ತಿಯಂತೆ ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಕಿವಿಯ ದಾರಿ ನೇರವಾಗುತ್ತದೆ. ಒಳಗಿಟ್ಟು ಅದು ಊದುವವರೆಗೆ, ಸುಮಾರು ಅರ್ಧ ನಿಮಿಷ, ಬೆರಳಿನಿಂದ ಒತ್ತಿ ಹಿಡಿಯಿರಿ. ಸರಿಯಾಗಿ ಕೂತರೆ ನಿಮ್ಮ ಮಾತೇ ನಿಮಗೆ ತಲೆಯೊಳಗೆ ಗುಂಯ್‌ಗುಟ್ಟಿದಂತೆ ಕೇಳುತ್ತದೆ. ಫ್ಯಾನಿನ ಒಂದೇ ಸಮನಾದ ಸದ್ದೂ ಒಳ್ಳೆಯದೇ, ಬೀದಿಯ ಸದ್ದನ್ನು ಮುಚ್ಚುತ್ತದೆ. ಫೋನ್ ಕೋಣೆಯ ಹೊರಗಿರಲಿ. ಅಲಾರಂಗೆ ಬೇಕೇ ಬೇಕೆಂದರೆ ಮನೆಯವರ ಒಂದು ನಂಬರು ಬಿಟ್ಟು ಉಳಿದದ್ದೆಲ್ಲ ಸೈಲೆಂಟ್ ಮಾಡಿ.

ಹಗಲು ಮಲಗಿದರೆ ದರಿದ್ರ ಎಂಬ ಮಾತು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೆ. ಹಿರಿಯರು ಹತ್ತು ಗಂಟೆಗೆ ಬಂದು, ‘ಇನ್ನೂ ಮಲಗಿದ್ದೀಯೇನೋ’ ಎಂದು ಎಬ್ಬಿಸುವುದು, ಯಾರಾದರೂ ನೆಂಟರು ಬಂದರೆಂದು ಕರೆಯುವುದು ಮಾಮೂಲು. ರಾತ್ರಿಯಿಡೀ ನಿಂತು ದುಡಿದವನಿಗೆ ಬೆಳಿಗ್ಗೆ ಹತ್ತು ಎಂದರೆ ನಡುರಾತ್ರಿ ಎಂದು ಅವರಿಗೆ ನೀವೇ ಕೂತು ಹೇಳಿ. ನೈಟ್ ವಾರ ಯಾವುದು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಹಾಕಿಟ್ಟರೆ ಮಕ್ಕಳಿಗೂ ತಿಳಿಯುತ್ತದೆ. ಬ್ಯಾಂಕು, ನಾಡಕಚೇರಿ, ಕೋಲಾರದ ಟೊಮ್ಯಾಟೊ ಮಾರ್ಕೆಟ್ಟಿಗೆ ಮಾಲು ಹಾಕುವುದು, ಇಂಥ ಕೆಲಸಗಳನ್ನು ಮಧ್ಯಾಹ್ನದ ಪಾಳಿಯ ವಾರಕ್ಕೆ ಇಟ್ಟುಕೊಳ್ಳಿ. ಆಗ ಬೆಳಿಗ್ಗೆಯೆಲ್ಲ ನಿಮ್ಮದೇ.

ಎದೆಯುರಿಯ ಮೂಲ ಬಹುಪಾಲು ರಾತ್ರಿ ಒಂದು ಗಂಟೆಯ ಊಟದಲ್ಲಿ, ಅದರ ಮೇಲೆ ಕುಡಿಯುವ ಟೀಯಲ್ಲಿ ಇರುತ್ತದೆ. ರಾತ್ರಿ ಹೊತ್ತು ಜಠರ ನಿಧಾನ. ಅದೇ ಅನ್ನ ಹಗಲಿಗಿಂತ ರಾತ್ರಿ ಉಂಡಾಗ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ದಿನದ ದೊಡ್ಡ ಊಟ ಹೊರಡುವ ಮುಂಚೆ, ಸಂಜೆ ಏಳೂವರೆಯೊಳಗೆ ಮುಗಿಯಲಿ. ಒಂದು ಮುದ್ದೆ, ಬಸ್ಸಾರೋ ಸೊಪ್ಪಿನ ಸಾರೋ, ಕಾಳಿನ ಪಲ್ಯ. ರಾಗಿ ನಿಧಾನವಾಗಿ ಕರಗುವುದರಿಂದ ನಡುರಾತ್ರಿಯವರೆಗೆ ಹಸಿವು ಕಾಡುವುದಿಲ್ಲ. ಕ್ಯಾಂಟೀನಿನಲ್ಲಿ ಹನ್ನೆರಡೂವರೆ ಒಂದಕ್ಕೆ ಅರ್ಧ ಹೊಟ್ಟೆ: ಎರಡು ಚಪಾತಿ ಪಲ್ಯ, ಅಥವಾ ಮೂರು ಇಡ್ಲಿ, ಮಜ್ಜಿಗೆ. ಅನ್ನ ಸಾಂಬಾರು ತಟ್ಟೆ ತುಂಬ ಉಂಡರೆ ಮೂರು ಗಂಟೆಗೆ ತೂಕಡಿಕೆಯೂ ಬರುತ್ತದೆ, ಬೆಳಿಗ್ಗೆ ಹುಳಿತೇಗೂ ಬರುತ್ತದೆ. ಬೋಂಡ, ಬನ್ನು, ಬಿಸ್ಕತ್ತು ಬಿಡಿ. ನಾಲ್ಕಕ್ಕೆ ಹಸಿವಾದರೆ ಬಾಳೆಹಣ್ಣು, ಒಂದು ಹಿಡಿ ಹುರಿದ ಕಡಲೆ. ಮನೆಗೆ ಬಂದು ಹೊಟ್ಟೆ ಬಿರಿಯ ತಿಂದು ಮಲಗಿದರೆ ಆಮ್ಲ ಮೇಲೇರುತ್ತದೆ, ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಹಸಿವು ಎಬ್ಬಿಸುತ್ತದೆ. ಒಂದು ಲೋಟ ರಾಗಿ ಅಂಬಲಿಯೋ ಎರಡು ಇಡ್ಲಿಯೋ ಸಾಕು. ತಲೆಯ ಕಡೆ ಮಂಚದ ಕಾಲಿನ ಕೆಳಗೆ ಆರು ಇಂಚಿನಷ್ಟು ಎತ್ತರ ಕೊಟ್ಟು, ಎಡಮಗ್ಗುಲಲ್ಲಿ ಮಲಗಿ.

ಟೀ ಕಾಫಿ ಬೇಡವೆನ್ನುವುದಿಲ್ಲ, ಅದರ ಹೊತ್ತು ಮುಖ್ಯ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಬೆಳಿಗ್ಗೆ ಐದಕ್ಕೆ ಕುಡಿದ ಕಾಫಿಯ ಅರ್ಧ ಹತ್ತು ಗಂಟೆಗೆ ನಿಮ್ಮ ರಕ್ತದಲ್ಲೇ ಇರುತ್ತದೆ. ರಾತ್ರಿ ಹತ್ತೂವರೆಗೆ ಒಂದು, ಒಂದೂವರೆಗೆ ಒಂದು, ಎರಡು ಗಂಟೆಯ ಮೇಲೆ ಬೇಡ. ಎಚ್ಚರಕ್ಕೆಂದು ಗುಟ್ಕಾ, ಬೀಡಿ ಹಿಡಿದವರಿಗೆ ನಿಕೋಟಿನ್ ಕೂಡ ನಿದ್ದೆ ಕೆಡಿಸುತ್ತದೆ, ಎದೆಯುರಿಯನ್ನೂ ಹೆಚ್ಚಿಸುತ್ತದೆ. ಮಲಗಲು ಒಂದು ಕ್ವಾರ್ಟರ್ ಹಾಕಿಕೊಳ್ಳುವವರೂ ಇದ್ದಾರೆ. ಮದ್ಯ ಬೇಗ ಮಲಗಿಸುತ್ತದೆ, ಆದರೆ ಎರಡು ಮೂರು ಗಂಟೆಯೊಳಗೇ ನಿದ್ದೆಯನ್ನು ಒಡೆಯುತ್ತದೆ. ಹಗಲಲ್ಲಿ ಮೊದಲೇ ತೆಳು ನಿದ್ದೆ, ಅದೂ ಹೋಗುತ್ತದೆ.

ಕಾರ್ಖಾನೆಯೊಳಗೆ ಮೂರರಿಂದ ಐದರ ನಡುವಿನ ಹೊತ್ತು ಅತ್ಯಂತ ಎಚ್ಚರಿಕೆಯದು, ದೇಹದ ಶಾಖ ಆಗ ತಳ ಮುಟ್ಟಿರುತ್ತದೆ. ಊಟದ ಬಿಡುವಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೂತಲ್ಲೇ ಕಣ್ಣು ಮುಚ್ಚಲು ಬಿಡುವಂತಿದ್ದರೆ ಆ ಅವಕಾಶ ತಪ್ಪಿಸಿಕೊಳ್ಳಬೇಡಿ. ಅರ್ಧ ಗಂಟೆ ಮೀರಿದರೆ ಆಳ ನಿದ್ದೆಗೆ ಜಾರಿ, ಎದ್ದ ಮೇಲೆ ಮಂಪರು ಹೆಚ್ಚು. ಡೈ ಬದಲಿಸುವುದು, ಸೆಟ್ಟಿಂಗ್ ಮಾಡುವುದು ಇಂಥ ಗಮನ ಬೇಡುವ ಕೆಲಸವನ್ನು ಎರಡರೊಳಗೆ ಮುಗಿಸಲು ಸೂಪರ್‌ವೈಸರ್ ಜೊತೆ ಮಾತಾಡಿ. ಎರಡು ಕೈಯಲ್ಲಿ ಒತ್ತುವ ಬಟನ್, ಕೈ ಅಡ್ಡ ಬಂದರೆ ಮಿಷಿನ್ ನಿಲ್ಲಿಸುವ ಲೈಟ್ ಕರ್ಟನ್ ಇವನ್ನು ಯಾವ ಕಾರಣಕ್ಕೂ ಬೈಪಾಸ್ ಮಾಡಬೇಡಿ, ಟಾರ್ಗೆಟ್ ಎಷ್ಟೇ ಇರಲಿ. ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತಾಗ ಕಪ್ಪು ಕನ್ನಡಕ ಹಾಕಿಕೊಂಡರೆ ಬೆಳಕು ನಿದ್ದೆಯನ್ನು ಓಡಿಸುವುದು ತಪ್ಪುತ್ತದೆ. ನೀವೇ ಬೈಕ್ ಓಡಿಸಬೇಕಾದ ದಿನ ಮಾತ್ರ ಅದು ಬೇಡ, ಆ ಹೊತ್ತಿಗೆ ನಿಮಗೆ ಎಚ್ಚರವೇ ಬೇಕು.

ನೈಟ್ ವಾರದಿಂದ ಹೊರಬರುವ ಭಾನುವಾರಕ್ಕೂ ಒಂದು ಕ್ರಮವಿದೆ. ಸೋಮವಾರ ಬೆಳಿಗ್ಗೆ ಆರರ ಪಾಳಿ ಎಂದರೆ ನಾಲ್ಕೂವರೆಗೆಲ್ಲ ಪಿಕಪ್ ಪಾಯಿಂಟಿನಲ್ಲಿರಬೇಕು. ಭಾನುವಾರ ಎಂಟರಿಂದ ಹನ್ನೊಂದರವರೆಗೆ ಮಾತ್ರ ಮಲಗಿ, ಎಷ್ಟೇ ಕಷ್ಟವಾದರೂ ಎದ್ದು ಬಿಸಿಲಿಗೆ ಬನ್ನಿ. ಸಾಯಂಕಾಲದವರೆಗೆ ಹೊದ್ದು ಮಲಗಿದರೆ ರಾತ್ರಿ ಕಣ್ಣು ಬಿಟ್ಟುಕೊಂಡಿರುತ್ತೀರಿ, ಸೋಮವಾರ ಮತ್ತೆ ಅದೇ ಪಾಡು. ಸಂಜೆ ಮಕ್ಕಳೊಂದಿಗೆ ಹೊರಗೆ ಹೋಗಿ, ಕೋಲಾರಕ್ಕೆ ಬಂದರೆ ಅಂತರಗಂಗೆಯ ಮೆಟ್ಟಿಲು ಹತ್ತಿ ಇಳಿಯಿರಿ, ಊರಲ್ಲೇ ಇದ್ದರೆ ಕೆರೆ ಏರಿಯ ಮೇಲೆ ಒಂದು ಸುತ್ತು. ಮೈ ದಣಿಯಬೇಕು, ಕಣ್ಣಿಗೆ ಹಗಲ ಬೆಳಕು ಬೀಳಬೇಕು. ಏಳಕ್ಕೆ ಊಟ, ಎಂಟೂವರೆಗೆ ಹಾಸಿಗೆ. ವಾರದ ರಜೆಯನ್ನು ಪೂರ್ತಿ ನಿದ್ದೆಗೇ ಕೊಟ್ಟರೆ ಮನೆಯವರೊಂದಿಗೆ ಮಾತೇ ಇರುವುದಿಲ್ಲ, ಅದರಿಂದ ಹುಟ್ಟುವ ಬೇಸರವೂ ಕೊನೆಗೆ ನಿದ್ದೆಯನ್ನೇ ತಿನ್ನುತ್ತದೆ.

ನಿಮ್ಮ ಪಾಳಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ಸುತ್ತುತ್ತಿರುವುದು ಒಳ್ಳೆಯದೇ. ಮನುಷ್ಯನ ಗಡಿಯಾರಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಅಮೆರಿಕದ ಯೂಟಾ ರಾಜ್ಯದ ಕಾರ್ಖಾನೆಯೊಂದರಲ್ಲಿ ಹಿಂದಕ್ಕೆ ಸುತ್ತುತ್ತಿದ್ದ ಪಾಳಿಯನ್ನು ಮುಂದಕ್ಕೆ ತಿರುಗಿಸಿ, ವಾರದ ಬದಲು ಮೂರು ವಾರಕ್ಕೊಮ್ಮೆ ಬದಲಿಸಿದಾಗ ಕಾರ್ಮಿಕರ ಆರೋಗ್ಯವೂ ಸುಧಾರಿಸಿತು, ಉತ್ಪಾದನೆಯೂ ಹೆಚ್ಚಿತು ಎಂದು 1982ರಲ್ಲಿ ವರದಿಯಾಯಿತು. ನೀವೂ ಯೂನಿಯನ್ ಅಥವಾ ಸುರಕ್ಷತಾ ಸಮಿತಿಯ ಮೂಲಕ ಒಂದನ್ನು ಕೇಳಬಹುದು: ನೈಟ್ ಮುಗಿದ ಮೇಲೆ ಒಂದರ ಬದಲು ಎರಡು ದಿನ ಬಿಡುವು, ಆಗದಿದ್ದರೆ ಆ ಸೋಮವಾರ ಮಧ್ಯಾಹ್ನದ ಪಾಳಿಯಿಂದ ಶುರು.

ನಿದ್ದೆ ಮಾತ್ರೆ ಬೇಡ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಡುವ ಅಲ್ಪ್ರಜೋಲಾಂನಂಥ ಮಾತ್ರೆ ಕೆಲವೇ ವಾರಗಳಲ್ಲಿ ಚಟವಾಗುತ್ತದೆ, ದಿಢೀರನೆ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ. ನೆಗಡಿ ಮಾತ್ರೆ ನುಂಗಿ ಮಲಗುವುದೂ ತಪ್ಪು. ಅದರ ಮಂಪರು ರಾತ್ರಿ ಮಿಷಿನ್ ಮುಂದೆಯೂ ಉಳಿದಿರುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟಕ್ಕೆ ಅರ್ಧ ಗಂಟೆ ಮುಂಚೆ, ಎರಡು ವಾರ ಮೀರಬಾರದು. ಮೀರಿದರೆ ವೈದ್ಯರ ಬಳಿ ಹೋಗಿ.

ದೀರ್ಘಕಾಲ ರಾತ್ರಿ ದುಡಿಯುವವರಲ್ಲಿ ಸಕ್ಕರೆ ಕಾಯಿಲೆ ಮತ್ತು ಹೃದಯದ ತೊಂದರೆಯ ಸಾಧ್ಯತೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರಾತ್ರಿ ಪಾಳಿಯನ್ನು ‘ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲದ್ದು’ ಎಂಬ ಗುಂಪಿನಲ್ಲಿಟ್ಟಿದೆ. ಹೆದರಿ ಕೆಲಸ ಬಿಡಿ ಎನ್ನುತ್ತಿಲ್ಲ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಸೊಂಟದ ಸುತ್ತಳತೆ ನೋಡಿಸಿಕೊಳ್ಳಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ತಾಲ್ಲೂಕು ಆಸ್ಪತ್ರೆಗೋ ಹೋದರಾಯಿತು. ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು.

ಕೆಲವರು ಮಾತ್ರ ನೈಟ್ ಮಾಡುವ ಮುಂಚೆಯೇ ವೈದ್ಯರನ್ನು ಕೇಳಬೇಕು: ಮೂರ್ಛೆರೋಗ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಮನಸ್ಸಿನ ಕಾಯಿಲೆಗೆ ಔಷಧಿಯಲ್ಲಿರುವವರು. ಆರೂವರೆ ಗಂಟೆ ಮಲಗಿದರೂ ತೂಕಡಿಕೆ ಹೋಗದಿದ್ದರೆ, ಜೋರು ಗೊರಕೆಯ ನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದರೆ, ಮಲ ಕಪ್ಪಗಾದರೆ, ತೂಕ ಇಳಿಯುತ್ತಿದ್ದರೆ ತಡಮಾಡಬೇಡಿ. ಮನಸ್ಸು ಕುಗ್ಗಿ ಯಾವುದೂ ಬೇಡವೆನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ನಂಬರು 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ವೈದ್ಯರ ಬಳಿ ಹೋಗುವ ಮುಂಚೆ ಎರಡು ವಾರ, ಒಂದು ನೈಟ್ ವಾರ ಮತ್ತು ಒಂದು ಬೇರೆ ಪಾಳಿಯ ವಾರ, ನೋಟ್‌ಬುಕ್ಕಿನಲ್ಲಿ ಬರೆದಿಡಿ: ಮಲಗಿದ್ದು ಎಷ್ಟು ಹೊತ್ತಿಗೆ, ಎದ್ದದ್ದು ಎಷ್ಟು ಹೊತ್ತಿಗೆ, ಟೀ ಕಾಫಿ ಯಾವಾಗ, ಏನು ಉಂಡಿರಿ, ಎದೆಯುರಿ ಬಂದ ಹೊತ್ತು, ಜೋಂಪು ಹತ್ತಿದ ಹೊತ್ತು. ಆ ಎರಡು ಪುಟ ವೈದ್ಯರ ಕೈಗೆ ಕೊಡಿ.